ಮಗಳ ಕಾಲೇಜಿಗೆ ಎಷ್ಟು ಕೂಡಿಡಬೇಕು: ನಾನು ಹಾಕಿದ ಲೆಕ್ಕ

ಮಕ್ಕಳ ಓದಿಗೆ ಎಷ್ಟು ಕೂಡಿಡಬೇಕೆಂದು ಕೇಳಿದರೆ 50 ಲಕ್ಷ, 1 ಕೋಟಿ ಎಂಬ ದುಂಡು ಮೊತ್ತ ಎಲ್ಲರ ಬಾಯಲ್ಲೂ ಬರುತ್ತದೆ. ಆ ಮೊತ್ತ ಕೇಳಿ ಎದೆ ಒಡೆಯುತ್ತದೆಯೇ ಹೊರತು ಈ ತಿಂಗಳು ಎಷ್ಟು ಎತ್ತಿಡಬೇಕೆಂಬುದು ತಿಳಿಯುವುದಿಲ್ಲ. ನಮಗೆ ಬೇಕಾದದ್ದು ಯಾವ ವರ್ಷ ಎಷ್ಟು ಹಣ ಕೈಯಲ್ಲಿರಬೇಕು ಎಂಬ ಪಟ್ಟಿ. ನನ್ನ ಮಗಳು ಈಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳ ಖರ್ಚಿನ ಪುಸ್ತಕವನ್ನೇ ಮುಂದಿಟ್ಟುಕೊಂಡು ತಂಗಿಯ 3 ವರ್ಷದ ಮಗಳಿಗೆ ಹಾಕಿಕೊಟ್ಟ ಲೆಕ್ಕ ಇದು.

ಮೊದಲು ಇಂದಿನ ಬೆಲೆ. ಸಿಇಟಿ ಮೂಲಕ ಖಾಸಗಿ ಕಾಲೇಜಿನ ಸೀಟು ಎಂದುಕೊಂಡು ಫೀಸು, ಪರೀಕ್ಷೆ ಶುಲ್ಕ ಸೇರಿ ವರ್ಷಕ್ಕೆ 1.2 ಲಕ್ಷ ಹಿಡಿದೆ. ಹಾಸ್ಟೆಲ್, ಊಟ, ಓಡಾಟ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ 1.3 ಲಕ್ಷ. ನಾಲ್ಕು ವರ್ಷಕ್ಕೆ 10 ಲಕ್ಷ. ಇದೇ ಬ್ರಾಂಚ್ ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ) ಸೀಟಿನಲ್ಲಿ ಸಿಕ್ಕರೆ ಫೀಸು ಸಾಮಾನ್ಯವಾಗಿ ಎರಡು ಪಟ್ಟು ದಾಟುತ್ತದೆ. ಕಾಲೇಜೇ ನೇರವಾಗಿ ಕೊಡುವ ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಬೇರೆ. 3 ವರ್ಷದ ಮಗುವಿಗಾಗಿ ಮ್ಯಾನೇಜ್‌ಮೆಂಟ್ ಸೀಟಿನ ಗುರಿ ಇಟ್ಟು ಮನೆಖರ್ಚು ಹಿಂಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಅಂತರ ಬಂದರೆ ಅದಕ್ಕೆ ಶಿಕ್ಷಣ ಸಾಲವಿದೆ. ನಮ್ಮ ನಿವೃತ್ತಿಗೆ ಯಾರೂ ಸಾಲ ಕೊಡುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡುವುದು ಪಿಯುಸಿಯನ್ನು. ಹಣ ಬೇಕಾಗುವುದು 18ಕ್ಕಲ್ಲ, 16ಕ್ಕೆ. ಸಿಇಟಿ, ನೀಟ್ ಕೋಚಿಂಗ್ ಸೇರಿದ ಕಾಲೇಜಿಗೆ ವರ್ಷಕ್ಕೆ 1.5 ಲಕ್ಷದಂತೆ ಎರಡು ವರ್ಷಕ್ಕೆ 3 ಲಕ್ಷ ಹಿಡಿದೆ. ಇದನ್ನು ಬರೆದುಕೊಳ್ಳದಿದ್ದರೆ ಡಿಗ್ರಿಗೆಂದು ಇಟ್ಟ ಹಣ ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ಕರಗುತ್ತದೆ.

ಬೆಲೆಯೇರಿಕೆಗೆ ಒಂದೇ ದರ ಹಾಕಬಾರದು. ಫೀಸಿಗೆ ವರ್ಷಕ್ಕೆ ಶೇ. 8, ಹಾಸ್ಟೆಲ್ ಮತ್ತು ಊಟಕ್ಕೆ ಶೇ. 6 ಹಿಡಿದೆ. ಪಿಯುಸಿಯ ಎರಡು ವರ್ಷಕ್ಕೆ 4.1 ಮತ್ತು 4.4 ಲಕ್ಷ ಬಂತು. ಎಂಜಿನಿಯರಿಂಗ್‌ಗೆ ವರ್ಷವಾರು 6.9, 7.4, 7.9, 8.5 ಲಕ್ಷ. ಒಟ್ಟು 39 ಲಕ್ಷ ಚಿಲ್ಲರೆ. ಆದರೆ ಇದು ಒಂದೇ ದಿನ ಬೇಕಾದ ಹಣವಲ್ಲ, ಆರು ವರ್ಷಕ್ಕೆ ಹರಡಿದೆ. ಕೊನೆಯ 8.5 ಲಕ್ಷಕ್ಕೆ ಬೆಳೆಯಲು 18 ವರ್ಷ ಸಿಗುತ್ತದೆ. ತಿಂಗಳ ಕಂತು ಅಂದುಕೊಂಡದ್ದಕ್ಕಿಂತ ಕಡಿಮೆ ಬರುವುದು ಇದರಿಂದಲೇ.

ಈಗ ಹಣ ಇಡುವ ಜಾಗ. ಹೆಣ್ಣುಮಗುವಾದ್ದರಿಂದ ಮೊದಲನೆಯದು ಸುಕನ್ಯಾ ಸಮೃದ್ಧಿ, ಅಂದರೆ ಹೆಣ್ಣುಮಕ್ಕಳ ಹೆಸರಲ್ಲಿ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆ. ಮಗುವಿಗೆ 10 ತುಂಬುವ ಮೊದಲು ಖಾತೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ, 15 ವರ್ಷ ಕಟ್ಟಬೇಕು. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಮಗುವಿಗೆ 21 ತುಂಬಿದಾಗ ಅಲ್ಲ. ಎಡವುವುದು ಇಲ್ಲಿಯೇ. 3ನೇ ವಯಸ್ಸಿನಲ್ಲಿ ತೆರೆದರೆ 24ಕ್ಕೆ ಕೈಸೇರುತ್ತದೆ, ಅಷ್ಟರಲ್ಲಿ ಡಿಗ್ರಿ ಮುಗಿದಿರುತ್ತದೆ. ನನ್ನ ಮಗಳ ಖಾತೆ ತೆರೆದದ್ದು ಯೋಜನೆ ಶುರುವಾದ 2015ರಲ್ಲಿ, ಅದು ಪಕ್ವವಾಗುವುದು 2036ಕ್ಕೆ. 10ನೇ ತರಗತಿ ಮುಗಿದ ಮೇಲೆ ಅಥವಾ 18 ತುಂಬಿದ ಮೇಲೆ, ಯಾವುದು ಮೊದಲೋ ಆಗ, ಓದಿಗಾಗಿ ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ತೆಗೆಯಬಹುದು. ಅದೂ ಪ್ರವೇಶದ ಪತ್ರ ಅಥವಾ ಫೀಸಿನ ಚೀಟಿ ತೋರಿಸಿ, ಅದರಲ್ಲಿರುವಷ್ಟೇ. ಹೊರಗಿನ ಪಿಜಿ ಬಾಡಿಗೆಗೆ ಈ ಹಣವನ್ನು ನೆಚ್ಚಬೇಡಿ.

ವರ್ಷಕ್ಕೆ 50,000 ಕಟ್ಟಿದರೆ 14 ಕಂತಿಗೆ, ಅಂದರೆ ಮಗುವಿಗೆ 17 ಆಗುವ ಹೊತ್ತಿಗೆ, ಸುಮಾರು 12.5 ಲಕ್ಷ. 2024ರ ಜನವರಿಯಿಂದ ಬಡ್ಡಿ ಶೇ. 8.2 ಇದ್ದರೂ ಮೂರು ತಿಂಗಳಿಗೊಮ್ಮೆ ಸರ್ಕಾರ ಅದನ್ನು ಪರಿಶೀಲಿಸುವುದರಿಂದ ನಾನು 7.5 ಹಿಡಿದೆ. ಅರ್ಧ ಎಂದರೆ 6.25 ಲಕ್ಷ. ಎಂಜಿನಿಯರಿಂಗ್‌ನ ಮೊದಲ ವರ್ಷದ ಬಹುಪಾಲು ಇದರಲ್ಲೇ ಕಳೆಯುತ್ತದೆ. ಕಂತನ್ನು ಏಪ್ರಿಲ್ 5ರೊಳಗೆ ಕಟ್ಟಿ: ಪ್ರತಿ ತಿಂಗಳ 5ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗಷ್ಟೇ ಬಡ್ಡಿ. ಮಾರ್ಚ್‌ನಲ್ಲಿ ತೆರಿಗೆ ಉಳಿಸಲೆಂದು ಓಡಿಹೋಗಿ ಕಟ್ಟುವವರು ಪ್ರತಿ ವರ್ಷವೂ ಹತ್ತಿರ ಹತ್ತಿರ ಒಂದು ವರ್ಷದ ಬಡ್ಡಿ ಬಿಡುತ್ತಾರೆ.

ಗಂಡುಮಗುವಿದ್ದರೆ ಈ ಜಾಗಕ್ಕೆ ಪಿಪಿಎಫ್, ಅಂದರೆ ಸರ್ಕಾರದ 15 ವರ್ಷದ ಭವಿಷ್ಯ ನಿಧಿ ಖಾತೆ. 2–3ನೇ ವಯಸ್ಸಿನಲ್ಲಿ ತೆರೆದರೆ ಅದರ 15 ವರ್ಷ ಕಾಲೇಜಿನ ಹೊತ್ತಿಗೇ ಮುಗಿಯುತ್ತದೆ. ನಿಮ್ಮ ಖಾತೆ, ಮಗುವಿನ ಖಾತೆ ಎರಡೂ ಸೇರಿ ವರ್ಷಕ್ಕೆ 1.5 ಲಕ್ಷವೇ ಮಿತಿ ಎಂಬುದು ನೆನಪಿರಲಿ.

ಉಳಿದದ್ದಕ್ಕೆ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ (ಷೇರುಪೇಟೆಯ ನಿಫ್ಟಿ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಎಸ್‌ಐಪಿ, ಅಂದರೆ ತಿಂಗಳ ಕಂತು. ಬೆಳವಣಿಗೆ ಶೇ. 12 ಎಂದು ಎಲ್ಲರೂ ಹಿಡಿಯುತ್ತಾರೆ. ಕೊನೆಯ ವರ್ಷಗಳಲ್ಲಿ ಹಣ ಎಫ್‌ಡಿಯಲ್ಲಿ ಇರುವುದರಿಂದ ನಾನು ಒಟ್ಟಾರೆ 9 ಹಿಡಿದೆ. 15 ವರ್ಷ ಒಂದೇ ಮೊತ್ತ ಕಟ್ಟುವುದಾದರೆ ತಿಂಗಳಿಗೆ 8,300 ಬೇಕು. ವರ್ಷಕ್ಕೆ ಶೇ. 8 ಏರಿಸುತ್ತ ಹೋದರೆ 5,200ರಿಂದ ಶುರುಮಾಡಬಹುದು, 15ನೇ ವರ್ಷ ಅದು 15,300 ಆಗುತ್ತದೆ. ತಂಗಿಗೆ ಎರಡನೆಯದನ್ನೇ ಹೇಳಿದೆ: ಸಂಬಳ ಏರಿದ ತಿಂಗಳೇ ಎಸ್‌ಐಪಿ ಏರಬೇಕು. ಸುಕನ್ಯಾ ಸೇರಿ ಈಗ ತಿಂಗಳಿಗೆ ಸುಮಾರು 9,400.

ಎಸ್‌ಐಪಿ ತಂದೆ ಅಥವಾ ತಾಯಿಯ ಹೆಸರಲ್ಲಿರಲಿ. ಮಗುವಿನ ಹೆಸರಲ್ಲಿದ್ದರೆ 18 ತುಂಬಿದೊಡನೆ ಕೆವೈಸಿ, ಸಹಿ, ಬ್ಯಾಂಕ್ ಖಾತೆ ಬದಲಿಸುವವರೆಗೆ ವ್ಯವಹಾರ ನಿಲ್ಲುತ್ತದೆ. ಅದು ಸರಿಯಾಗಿ ಕೌನ್ಸೆಲಿಂಗ್ ವರ್ಷಕ್ಕೇ ಬರುತ್ತದೆ.

ಹೊರಬರುವ ಕೆಲಸ ಒಳಹೋಗುವುದಕ್ಕಿಂತ ಮುಖ್ಯ. ಪ್ರತಿ ವರ್ಷದ ಖರ್ಚಿಗೆ ಮೂರು ವರ್ಷ ಮುಂಚೆ ಆ ವರ್ಷದ ಮೊತ್ತವನ್ನಷ್ಟೇ ಫಂಡಿನಿಂದ ಎಫ್‌ಡಿಗೆ ಇಳಿಸುತ್ತೇನೆ. ಅಂದರೆ ಪಿಯುಸಿಯ ಮೊದಲ ವರ್ಷದ ಹಣ ಮಗುವಿಗೆ 13 ಆದಾಗಲೇ ಇಳಿಯಬೇಕು. 2020ರ ಜನವರಿಯಿಂದ ಮಾರ್ಚ್‌ಗೆ ನಿಫ್ಟಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಆ ಜೂನ್‌ನಲ್ಲಿ ಫೀಸು ಕಟ್ಟಬೇಕಿದ್ದವರ ಸ್ಥಿತಿ ಊಹಿಸಿ. ಹೀಗೆ ತುಂಡು ತುಂಡಾಗಿ ಮಾರುವುದರಿಂದ ತೆರಿಗೆಯೂ ತಗ್ಗುತ್ತದೆ: 2024ರ ಜುಲೈ ನಂತರದ ನಿಯಮದಂತೆ ಈಕ್ವಿಟಿ ಫಂಡಿನ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇ. 12.5. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಎಸ್‌ಐಪಿ ಇದ್ದರೆ ಈ ವಿನಾಯಿತಿ ಇಬ್ಬರಿಗೂ ಸಿಗುತ್ತದೆ.

ಮಕ್ಕಳ ಹೆಸರಿನ ಮನಿಬ್ಯಾಕ್ ಪಾಲಿಸಿಗೆ (ನಡುನಡುವೆ ಹಣ ಮರಳಿಸುವ ವಿಮೆ) ನಾನು ಒಂದು ರೂಪಾಯಿ ಹಾಕುವುದಿಲ್ಲ. ಕಂತು, ಬರುವ ಹಣ, ದಿನಾಂಕ ಮೂರನ್ನೂ ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ ಸೂತ್ರಕ್ಕೆ ಕೊಟ್ಟು ನೋಡಿ, ವರ್ಷದ ಬೆಳವಣಿಗೆ ಹೆಚ್ಚಾಗಿ ಶೇ. 5–6ರ ಸುತ್ತ ನಿಲ್ಲುತ್ತದೆ. ಅದರ ಬದಲು ದುಡಿಯುವವರ ಹೆಸರಲ್ಲಿ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಹಣ ಕೊಡುವ ಜೀವವಿಮೆ) ಇರಲಿ. ದುಡಿಯುವ ಜೀವ ಹೋದರೆ ಮೇಲಿನ ಲೆಕ್ಕವೆಲ್ಲ ಮೊದಲ ತಿಂಗಳೇ ನಿಲ್ಲುತ್ತದೆ.

ಕೊನೆಗೆ ಸೀಟಿನ ಹೊತ್ತು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಸಿಕ್ಕ ಸೀಟನ್ನು ಒಪ್ಪಿ ಚಾಯ್ಸ್ 1 ಒತ್ತಿದ ಮೇಲೆ ಫೀಸು ಕಟ್ಟಲು ಕೆಲವೇ ದಿನ ಸಿಗುತ್ತದೆ. ಫಂಡು ಮಾರಿದ ಹಣ ಬ್ಯಾಂಕಿಗೆ ಬರಲು ಎರಡು ಮೂರು ಕೆಲಸದ ದಿನ ಬೇಕು, ಅಂಚೆ ಕಚೇರಿಯ ಅರ್ಜಿಗೆ ಇನ್ನೂ ಹೆಚ್ಚು. ಮೊದಲ ವರ್ಷದ ಫೀಸು ಮತ್ತು ಹಾಸ್ಟೆಲ್ ಠೇವಣಿ ಜೂನ್ 1ಕ್ಕೇ ಉಳಿತಾಯ ಖಾತೆಯಲ್ಲಿರಲಿ. ಸುಕನ್ಯಾ ಹಣವನ್ನು ರಸೀದಿ ಕೈಗೆ ಬಂದ ಮೇಲೆ ತೆಗೆದು ಆ ಜಾಗ ತುಂಬಿಸಿಕೊಳ್ಳಿ. ಬ್ಯಾಂಕಿನ ಆನ್‌ಲೈನ್ ವರ್ಗಾವಣೆಯ ದಿನದ ಮಿತಿಯನ್ನೂ ಮೇ ತಿಂಗಳಲ್ಲೇ ಏರಿಸಿಡಿ.