ಹೆಬ್ಬೆರಳ ಉಂಗುರದ ನೋವು ನಿಂತದ್ದು ಹೀಗೆ

ಚಿಕ್ಕಮಗಳೂರಿನ ನಮ್ಮ ತೋಟದ ಕಣದಲ್ಲಿ 35 ಪೌಂಡಿನ ಎಳೆತದ ಬಿಲ್ಲಿನ ಹಗ್ಗವನ್ನು ಹೆಬ್ಬೆರಳಿಗೆ ತೊಟ್ಟ ಉಂಗುರದಿಂದ ಎಳೆದು ಅಭ್ಯಾಸ ಮಾಡುವಾಗ, ಇಪ್ಪತ್ತು ಬಾಣ ಬಿಡುವಷ್ಟರಲ್ಲಿ ನನ್ನ ಹೆಬ್ಬೆರಳಿನ ಗೆಣ್ಣು ಬಾತುಕೊಳ್ಳುತ್ತಿತ್ತು. ಕೆಲವೊಮ್ಮೆ ಉಂಗುರವೇ ಬಾಣದೊಡನೆ ಹಾರಿ ಕಾಫಿ ಗಿಡಗಳ ಬುಡ ಸೇರುತ್ತಿತ್ತು.

ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದೆ, ಇನ್ನೂ ಬಿಗಿಯಾದ ಉಂಗುರ ತೊಟ್ಟೆ. ಎರಡೂ ಫಲಿಸಲಿಲ್ಲ, ಬಿಗಿಯಾದದ್ದು ನೋವನ್ನು ಹೆಚ್ಚಿಸಿತಷ್ಟೆ.

ದೋಷವಿದ್ದದ್ದು ಆಕಾರದಲ್ಲಿ. ಉಂಗುರದ ಒಳರಂಧ್ರ ದುಂಡಗಿರದೆ ಮೊಟ್ಟೆಯಾಕಾರದಲ್ಲಿರಬೇಕು. ಆದ್ದರಿಂದ ಕೊಂಬಿನ ಉಂಗುರವೊಂದನ್ನು ತುಟಿಯ (ಹಗ್ಗ ಹಿಡಿಯುವ ಮುಂಚಾಚಿದ ಅಂಚಿನ) ದಿಕ್ಕಿನಲ್ಲಿ ಮಾತ್ರ ಅರದಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಿ, ಪ್ರತಿ ಸಲವೂ ತೊಟ್ಟು ನೋಡಿ, ಒಳ ಅಂಚನ್ನು 400ರ, ಬಳಿಕ 1000ದ ಉಪ್ಪುಕಾಗದದಿಂದ ನುಣುಪಾಗಿಸಿದೆ. ತುಟಿಯನ್ನು ಪಕ್ಕಕ್ಕೆ ಮಾಡಿ ಗೆಣ್ಣು ದಾಟಿಸಿ, ಅನಂತರ ಕಾಲು ಸುತ್ತು ತಿರುಗಿಸಿ ತುಟಿಯನ್ನು ಬೆರಳಿನ ಒಳಭಾಗಕ್ಕೆ ತಂದರೆ, ಕಿರಿದಾದ ಅಗಲವು ಗೆಣ್ಣಿಗೆ ತಡೆದು ಉಂಗುರ ಜಾರುವುದಿಲ್ಲ. ಹಗ್ಗವನ್ನು ತುಟಿಯ ತುದಿಗಲ್ಲ, ಬುಡಕ್ಕೆ ಸಿಕ್ಕಿಸಬೇಕು. ತೋರುಬೆರಳು ಹೆಬ್ಬೆರಳಿನ ಉಗುರಿನ ಮೇಲಿರಬೇಕೇ ಹೊರತು ಹಗ್ಗವನ್ನು ಒತ್ತಬಾರದು.

ಇಲ್ಲಿನ ಚಳಿಯ ಮುಂಜಾನೆ ಬೆರಳು ಸಣಕಲಾಗುವುದರಿಂದ, ಆಗ ಮಾತ್ರ ಒಳಗೆ ತೆಳುವಾದ ತೊಗಲಿನ ಚೂರೊಂದನ್ನು ಇಡುತ್ತೇನೆ. ಬಿಸಿಲೇರಿದ ಮೇಲೆ ಅದನ್ನು ತೆಗೆಯುತ್ತೇನೆ.