ಹುಲ್ಲುಹಾಸಿನಲ್ಲಿ ಮೊದಲ ತರಕಾರಿ ಮಡಿ: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಮನೆ ಕೊಂಡ ಮೊದಲ ವರ್ಷ ಹಿತ್ತಿಲ ಹುಲ್ಲು ನೋಡಿದಾಗ ನಮ್ಮವರಿಗೆಲ್ಲ ಅನಿಸುವುದು ಒಂದೇ. ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ, ಸ್ವಲ್ಪ ದಂಟು, ನಾಲ್ಕು ಬದನೆ ಗಿಡ ಹಾಕೋಣ ಅಂತ. ಖಂಡಿತ ಹಾಕಿ. ಆದರೆ ಮೇ ತಿಂಗಳಲ್ಲಿ ಗಿಡ ನೆಡಬೇಕೆಂದರೆ ಮಡಿಯ ಕೆಲಸ ಹಿಂದಿನ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಶುರುವಾಗಬೇಕು. ಆಗ ಅರ್ಧ ಕೆಲಸವನ್ನು ಚಳಿಗಾಲವೇ ಮಾಡಿಕೊಡುತ್ತದೆ.

ನಾನು ಮೊದಲ ವರ್ಷ ಏಪ್ರಿಲ್‌ನಲ್ಲಿ ಟಿಲ್ಲರ್ ಬಾಡಿಗೆಗೆ ತಂದು ಹುಲ್ಲಿನ ಮೇಲೇ ಓಡಿಸಿದೆ. ಒಂದು ಗಂಟೆಯಲ್ಲಿ ನೆಲ ಉತ್ತ ಹೊಲದ ಹಾಗೆ ಕಂಡಿತು. ಕೆಲವೇ ವಾರಗಳಲ್ಲಿ ಹುಲ್ಲು ಮತ್ತೆ ಎದ್ದಿತು. ಇಲ್ಲಿನ ಹುಲ್ಲುಹಾಸಿನಲ್ಲಿ ಸಾಮಾನ್ಯವಾಗಿರುವ ಕೆಂಟಕಿ ಬ್ಲೂಗ್ರಾಸ್ ನಮ್ಮ ಗರಿಕೆಯ ಹಾಗೆ ನೆಲದೊಳಗೆ ಕಾಂಡ ಹರಡಿಕೊಂಡು ಬೆಳೆಯುತ್ತದೆ. ಕತ್ತರಿಸಿದ ತುಂಡುಗಳೂ ಚಿಗುರುತ್ತವೆ. ಜೊತೆಗೆ ಮಣ್ಣಿನ ಅಡಿಯಲ್ಲಿದ್ದ ಕಳೆ ಬೀಜವೆಲ್ಲ ಮೇಲಕ್ಕೆ ಬಂದಿತ್ತು. ಆ ಬೇಸಿಗೆ ಪೂರ್ತಿ ಕಳೆ ಕೀಳುವುದರಲ್ಲೇ ಹೋಯಿತು. ನಿಮಗೆ ಹಾಗಾಗಬಾರದು.

ಮೊದಲು ಜಾಗ. ತರಕಾರಿಗೆ ದಿನಕ್ಕೆ ಕಡಿಮೆಯೆಂದರೂ 6 ಗಂಟೆ ಬಿಸಿಲು ಬೇಕು. ಮಾರ್ಚ್‌ನಲ್ಲಿ ಮರಗಳೆಲ್ಲ ಬೋಳಾಗಿರುವಾಗ ನೋಡಿ ಜಾಗ ಆರಿಸಬೇಡಿ. ಜುಲೈನಲ್ಲಿ ಅದೇ ಜಾಗ ಪೂರ್ತಿ ನೆರಳಾಗಿರಬಹುದು. ಬ್ಲ್ಯಾಕ್ ವಾಲ್ನಟ್ ಮರದ ಹತ್ತಿರ ಟೊಮೆಟೊ, ಬದನೆ ಬೇಡ. ಆ ಮರದ ಬೇರಿನಿಂದ ಬರುವ ವಿಷಕ್ಕೆ ಅವು ಬಾಡಿ ಸಾಯುತ್ತವೆ. ಮನೆ 1978ಕ್ಕಿಂತ ಹಳೆಯದಾದರೆ ಗೋಡೆಯ ಪಕ್ಕದ ಮಣ್ಣಿನಲ್ಲಿ ಹಳೇ ಬಣ್ಣದ ಸೀಸ ಇರಬಹುದು, ದೂರ ಹೋಗಿ. ಸೆಪ್ಟಿಕ್ ಇರುವ ಮನೆಯಾದರೆ ಅದರ ನೀರು ಇಂಗುವ ಜಾಗದ ಮೇಲೆ ತರಕಾರಿ ಬೆಳೆಯಬಾರದು. ಟೌನ್‌ಹೌಸ್‌ನಲ್ಲಿದ್ದರೆ ಅಲ್ಲಿನ ಮನೆಮಾಲೀಕರ ಅಸೋಸಿಯೇಷನ್ ನಿಯಮ ಒಮ್ಮೆ ಓದಿಕೊಳ್ಳಿ.

ಮಡಿ 4 ಅಡಿ ಅಗಲ, 8 ಅಡಿ ಉದ್ದ ಇದ್ದರೆ ಮೊದಲ ವರ್ಷಕ್ಕೆ ಸಾಕು. 4 ಅಡಿಗಿಂತ ಅಗಲವಾದರೆ ನಡುವಿಗೆ ಕೈ ಎಟುಕುವುದಿಲ್ಲ. ಆಗ ಮಡಿಯೊಳಗೆ ಕಾಲಿಡಬೇಕಾಗುತ್ತದೆ, ತುಳಿದ ಮಣ್ಣು ಗಟ್ಟಿಯಾಗುತ್ತದೆ. ಎಡಿಸನ್, ಪಿಸ್ಕಾಟವೇ ಕಡೆ ಇರುವವರಿಗೆ ಇದು ಮುಖ್ಯ. ಅಲ್ಲಿ ಅನೇಕ ಕಡೆ ಕೆಂಪುಮಣ್ಣು. ನೋಡಿದರೆ ಊರಿನ ಹೊಲ ನೆನಪಾಗುತ್ತದೆ, ಆದರೆ ಜೇಡಿನಂಶ ಜಾಸ್ತಿ. ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಮಾದರಿ ಕಳಿಸಿ. ಇಲ್ಲಿನ ಮಣ್ಣಿಗೆ ಹುಳಿ ಗುಣ ಸಾಮಾನ್ಯ. ಸುಣ್ಣ ಬೇಕೇ, ಎಷ್ಟು ಅಂತ ಅವರೇ ಬರೆದು ಕಳಿಸುತ್ತಾರೆ.

ಈಗ ಹುಲ್ಲಿನ ಕೆಲಸ. ಅದನ್ನು ಕಿತ್ತು ಎಸೆಯಬೇಡಿ, ಅದೇ ನಿಮ್ಮ ಮೊದಲ ಗೊಬ್ಬರ. ಮೋವರ್ ಅನ್ನು ಆದಷ್ಟು ಕೆಳಗಿಳಿಸಿ ಹುಲ್ಲು ಕತ್ತರಿಸಿ, ಚೆನ್ನಾಗಿ ನೀರು ಹಾಕಿ. ಮನೆ ಬದಲಾಯಿಸಿದಾಗ ಉಳಿದ ರಟ್ಟಿನ ಪೆಟ್ಟಿಗೆಗಳಿವೆಯಲ್ಲ, ಅವನ್ನು ಬಿಡಿಸಿ ಹಾಸಿ. ಟೇಪು, ಲೇಬಲ್ಲು ಎಲ್ಲ ಕಿತ್ತಿರಬೇಕು, ಮಿರುಗುವ ಬಣ್ಣದ ರಟ್ಟು ಬೇಡ. ಒಂದು ರಟ್ಟಿನ ಅಂಚು ಪಕ್ಕದ ರಟ್ಟಿನ ಮೇಲೆ 6 ಇಂಚಾದರೂ ಏರಿರಲಿ. ಸಣ್ಣ ಸಂದು ಸಿಕ್ಕರೂ ಹುಲ್ಲು ಅಲ್ಲೇ ತಲೆ ಎತ್ತುತ್ತದೆ. ರಟ್ಟು ಪೂರ್ತಿ ನೆನೆಯುವವರೆಗೆ ನೀರು ಬಿಡಿ. ಮೇಲೆ 4ರಿಂದ 6 ಇಂಚು ಕಾಂಪೋಸ್ಟ್. 6 ಇಂಚಾದರೆ ಈ ಅಳತೆಯ ಮಡಿಗೆ 16 ಘನ ಅಡಿ ಬೇಕು. ಅದರ ಮೇಲೆ ತರಗೆಲೆ ದಪ್ಪಗೆ ಹೊದಿಸಿ. ನವೆಂಬರ್‌ನಲ್ಲಿ ಅಕ್ಕಪಕ್ಕದವರು ಎಲೆ ಗುಡಿಸಿ ಕಾಗದದ ಚೀಲದಲ್ಲಿ ರಸ್ತೆ ಬದಿಗೆ ಇಡುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಅವರ ಪರಿಚಯವೂ ಆಗುತ್ತದೆ.

ಕುದುರೆ ಲಾಯದಿಂದ ಪುಕ್ಕಟೆ ಗೊಬ್ಬರ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಾಳಿ. ಕುದುರೆ ತಿಂದ ಹುಲ್ಲಿಗೆ ಕಳೆನಾಶಕ ಹೊಡೆದಿದ್ದರೆ, ಕೆಲವು ಬಗೆಯ ವಿಷ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿಯುತ್ತದೆ. ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿ, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ, ಎರಡರಲ್ಲೂ ಹುರುಳಿಕಾಯಿ ಬೀಜ ಬಿತ್ತಿ. ಮೂರು ವಾರ ನೋಡಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಮುದುಡಿ ಸುರುಳಿಯಾದರೆ ಆ ಗೊಬ್ಬರ ಮುಟ್ಟಬೇಡಿ.

ಈಗಾಗಲೇ ವಸಂತ ಬಂದುಬಿಟ್ಟಿದ್ದರೆ ಹುಲ್ಲನ್ನು ಬೇರು ಸಮೇತ ಚಪ್ಪಟೆ ಸನಿಕೆಯಿಂದ 2 ಇಂಚು ದಪ್ಪಕ್ಕೆ ಸೀಳಿ ತೆಗೆಯಬಹುದು. ತೆಗೆದದ್ದನ್ನು ಮೂಲೆಯಲ್ಲಿ ತಲೆಕೆಳಗಾಗಿ ಪೇರಿಸಿಡಿ, ಒಂದು ವರ್ಷ ಕಳೆದರೆ ಒಳ್ಳೆಯ ಮಣ್ಣಾಗುತ್ತದೆ. ಆದರೆ ನೆಲ ಅಗೆಯುವ ಮೊದಲು, ನೆಲದಡಿಯ ಪೈಪು, ತಂತಿಗಳನ್ನು ಗುರುತಿಸಿಕೊಡುವ ಸೇವೆಯ ಸಂಖ್ಯೆ 811ಕ್ಕೆ ಫೋನ್ ಮಾಡಲೇಬೇಕು. ಕೆಲಸಕ್ಕೆ ಮೂರು ಕೆಲಸದ ದಿನ ಮೊದಲೇ ತಿಳಿಸಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಗ್ಯಾಸ್ ಪೈಪಿಗೆ ಹಳದಿ, ವಿದ್ಯುತ್ತಿಗೆ ಕೆಂಪು, ನೀರಿಗೆ ನೀಲಿ ಗುರುತು ಹಾಕಿ ಹೋಗುತ್ತಾರೆ. ಹಿಂದಿನ ಮಾಲೀಕರು ಹಾಕಿಸಿದ ಸ್ಪ್ರಿಂಕ್ಲರ್ ಪೈಪನ್ನು ಅವರು ಗುರುತಿಸುವುದಿಲ್ಲ, ಅದನ್ನು ನೀವೇ ಹುಡುಕಿಕೊಳ್ಳಬೇಕು. ಮಣ್ಣು ಹದಕ್ಕೆ ಬರುವವರೆಗೂ ಕಾಯಿರಿ. ಒಂದು ಹಿಡಿ ಉಂಡೆ ಕಟ್ಟಿ ಬೆರಳಿನಿಂದ ತಟ್ಟಿ. ಪುಡಿಯಾದರೆ ಹದ, ಅಂಟಿಕೊಂಡೇ ಇದ್ದರೆ ಇನ್ನೂ ಒದ್ದೆ. ಊರಲ್ಲಿ ಅಜ್ಜ ನೋಡುತ್ತಿದ್ದದ್ದೂ ಹೀಗೇ ಅಲ್ವಾ?

ಶರತ್ಕಾಲದಲ್ಲೇ ಮುಚ್ಚಿಟ್ಟವರು ಏಪ್ರಿಲ್ ಕೊನೆಗೆ ರಟ್ಟಿನ ಒಂದು ಮೂಲೆ ಎತ್ತಿ ನೋಡಿ. ಎರೆಹುಳು ಕಂಡರೆ ಸಂತೋಷಪಡಿ. ಹುಲ್ಲು ಹಳದಿಯಾಗಿ ಇನ್ನೂ ಜೀವ ಹಿಡಿದಿದ್ದರೆ ಅಲ್ಲಿ ಇನ್ನೊಂದು ರಟ್ಟು ಹಾಸಿ. ಮೆಂತ್ಯವನ್ನು ಏಪ್ರಿಲ್‌ನಲ್ಲೇ ಬಿತ್ತಬಹುದು, ಇಂಡಿಯನ್ ಅಂಗಡಿಯ ಮೆಂತ್ಯ ಕಾಳೇ ಮೊಳೆಯುತ್ತದೆ. ದಂಟು, ಬೆಂಡೆ, ಬದನೆಗೆ ಮೇ ಮಧ್ಯ ದಾಟಲಿ, ಅಲ್ಲಿಯವರೆಗೂ ರಾತ್ರಿ ಹಿಮ (ಫ್ರಾಸ್ಟ್) ಬೀಳುವ ಭಯ ಇದ್ದೇ ಇದೆ. ಊರಿಂದ ಬಿತ್ತನೆ ಬೀಜವನ್ನು ಸೂಟ್‌ಕೇಸಿನಲ್ಲಿ ತರಬೇಡಿ. ಸಸ್ಯ ಆರೋಗ್ಯದ ದಾಖಲೆ ಇಲ್ಲದೆ ತರುವಂತಿಲ್ಲ. ದಿನ ಚಿಕ್ಕದಾದ ಮೇಲೇ ಹೂ ಬಿಡುವ ನಮ್ಮ ಊರಿನ ಅವರೆ ಇಲ್ಲಿ ಕಾಯಿ ಕಟ್ಟುವಷ್ಟರಲ್ಲಿ ಹಿಮ ಬಂದಿರುತ್ತದೆ.

ಜಿಂಕೆ, ಬಿಲ ತೋಡುವ ಗ್ರೌಂಡ್‌ಹಾಗ್ ಎಂಬ ಪ್ರಾಣಿ ಬರುವ ಕಡೆ ಗಿಡ ನೆಟ್ಟ ದಿನವೇ ಬೇಲಿಯೂ ಆಗಲಿ. ಮಡಿಯ ಸುತ್ತ 4 ಇಂಚು ಆಳದ ಸಣ್ಣ ಕಾಲುವೆ ತೋಡಿ, ತಿಂಗಳಿಗೊಮ್ಮೆ ಸನಿಕೆಯಿಂದ ಅದರ ಅಂಚು ಕತ್ತರಿಸುತ್ತಾ ಇರಿ. ಸುತ್ತಲಿನ ಹುಲ್ಲು ಮತ್ತೆ ಒಳಗೆ ನುಗ್ಗಲು ನೋಡುವುದು ಅಲ್ಲಿಂದಲೇ.