ಮೊದಲು ಸಂದರ್ಭದ ಸಾಲು: ಒಂದು ನೆಟ್‌ವರ್ಕ್ ಡ್ರೈವರಿನ ಫಂಕ್ಷನ್‌ಗಳನ್ನು ನಾನು ದಾಖಲಿಸಿದ ಬಗೆ

ಡ್ರೈವರಿನ ಒಳಗಿನ ಫಂಕ್ಷನ್‌ಗಳಿಗೆ ವಿವರಣೆ ಬರೆಯುವುದು ಕಾಲಹರಣ, ಕೋಡ್ ಓದಬಲ್ಲವನಿಗೆ ಅದರ ಅಗತ್ಯವಿಲ್ಲ ಎಂಬ ಮಾತನ್ನು ಈ ಕೆಲಸ ಕೈಗೆತ್ತಿಕೊಂಡ ದಿನದಿಂದಲೂ ಕೇಳುತ್ತ ಬಂದಿದ್ದೇನೆ. ಲಿನಕ್ಸ್ ಕರ್ನಲ್‌ಗೆಂದು (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆಂದು) ಬರೆದ ಒಂದು ಈಥರ್ನೆಟ್ ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶ, ನನ್ನ ಕೈಗೆ ಬಂತು. ಸುಮಾರು 11,000 ಸಾಲು, ನೆನಪಿನಿಂದ ಹೇಳುವುದಾದರೆ 340ರಷ್ಟು ಫಂಕ್ಷನ್‌ಗಳು. ಮೂಲದಲ್ಲಿ ಬರೆದವರು ಯಾರೂ ಆ ತಂಡದಲ್ಲಿ ಉಳಿದಿರಲಿಲ್ಲ. ಆ ಕೆಲಸ ಮುಗಿದು ವರ್ಷ ದಾಟಿದೆ. ಅಂದು ಅನುಮಾನಿಸಿದ ತಂಡವೇ ಇಂದು ಹೊಸ ಪ್ಯಾಚ್ (ಕೋಡಿನ ತಿದ್ದುಪಡಿ) ಬಂದಾಗ ಸಂದರ್ಭದ ಸಾಲು, ಅಂದರೆ ಫಂಕ್ಷನ್‌ಗೆ ಯಾವ ಸ್ಥಿತಿಯಲ್ಲಿ ಕರೆ ಬರುತ್ತದೆ ಎಂದು ಹೇಳುವ ಸಾಲು, ಎಲ್ಲಿದೆ ಎಂದು ಮೊದಲು ಕೇಳುತ್ತದೆ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಐದು ವಾರ ಪೂರ್ತಿ ವ್ಯರ್ಥವಾದವು. ಹಳೆಯ ಟಿಪ್ಪಣಿಗಳು ಎರಡು ನಕ್ಷತ್ರಗಳಿಂದ ಆರಂಭವಾಗುತ್ತಿದ್ದರೂ ಕರ್ನಲ್-ಡಾಕ್ (ಕೋಡಿನ ಟಿಪ್ಪಣಿಗಳಿಂದ ದಾಖಲೆ ತಯಾರಿಸುವ ಪರಿಕರ) ಕೇಳುವ ಕ್ರಮದಲ್ಲಿರಲಿಲ್ಲ. ಹೆಚ್ಚುವರಿ ತಪಾಸಣೆ ನಡೆಸುವ ಡಬ್ಲ್ಯೂ ಈಕ್ವಲ್ಸ್ ಒಂದು (W=1) ಆಯ್ಕೆ ಕೊಟ್ಟು ಬಿಲ್ಡ್ ಮಾಡಿದರೆ 600ಕ್ಕೂ ಹೆಚ್ಚು ಎಚ್ಚರಿಕೆಗಳು ಬರುತ್ತಿದ್ದವು. ನಾನು ಫೈಲಿನ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಹೋಗಿ, ಪ್ರತಿ ಪ್ಯಾರಾಮೀಟರಿಗೂ (ಫಂಕ್ಷನ್‌ಗೆ ಕೊಡುವ ಮೌಲ್ಯಕ್ಕೂ) ಒಂದೊಂದು ಸಾಲು ಬರೆದು, ಎಚ್ಚರಿಕೆಗಳನ್ನು ಸೊನ್ನೆಗೆ ಇಳಿಸಿದೆ. ಆದರೆ ಆ ಪರಿಕರ ನೋಡುವುದು ಪ್ಯಾರಾಮೀಟರಿನ ಹೆಸರು ಟಿಪ್ಪಣಿಯಲ್ಲಿದೆಯೇ ಎಂಬುದನ್ನು ಮಾತ್ರ. ಬರೆದ ಮಾತು ನಿಜವೇ ಎಂಬುದನ್ನು ಅದು ನೋಡಲಾರದು. 'ಡೆವ್' ಎಂಬುದರ ಎದುರಿಗೆ 'ಸಾಧನ' ಎಂದು ನೂರಾರು ಕಡೆ ಬರೆದದ್ದರಿಂದ ಯಾರಿಗೂ ಏನೂ ಸಿಗಲಿಲ್ಲ. ತಂಡದ ಹಿರಿಯ ಎಂಜಿನಿಯರರೊಬ್ಬರು ಓದಿ, ಇದರಲ್ಲಿ ತಮಗೆ ಗೊತ್ತಿಲ್ಲದ ಒಂದು ಸಾಲೂ ಇಲ್ಲ ಎಂದರು, ಮತ್ತು ಅವರ ಮಾತು ಸರಿಯಾಗಿತ್ತು.

ಅಲ್ಲಿಂದ ವಿಧಾನವನ್ನು ತಲೆಕೆಳಗು ಮಾಡಿದೆ. ಫಂಕ್ಷನ್ ಏನು ಮಾಡುತ್ತದೆ ಎಂಬುದನ್ನು ಕೊನೆಗೆ ಬಿಟ್ಟು, ಅದನ್ನು ಯಾರು ಕರೆಯುತ್ತಾರೆ, ಕರೆಯುವಾಗ ಯಾವ ಲಾಕ್ (ಒಮ್ಮೆಗೆ ಒಬ್ಬರೇ ದತ್ತಾಂಶ ಮುಟ್ಟುವಂತೆ ಕಾಯುವ ಬೀಗ) ಹಿಡಿದಿರುತ್ತದೆ, ಅದು ಸ್ಲೀಪ್ ಆಗಬಹುದೇ, ಅಂದರೆ ಪ್ರೊಸೆಸರನ್ನು ಬಿಟ್ಟುಕೊಟ್ಟು ಕಾಯಬಹುದೇ, ಎಂಬ ಮೂರನ್ನು ಮೊದಲು ಕಾಂಟೆಕ್ಸ್ಟ್ (ಸಂದರ್ಭ) ವಿಭಾಗದಲ್ಲಿ ಬರೆಯುವುದು. ಬರೆದ ಕೂಡಲೇ ಆ ಹೇಳಿಕೆಯನ್ನೇ ಕೋಡಿನೊಳಗೆ ಪರೀಕ್ಷೆಯಾಗಿ ಇಡುವುದು. ಆರ್‌ಟಿಎನ್‌ಎಲ್ ಲಾಕ್ (ನೆಟ್‌ವರ್ಕ್ ಸಂರಚನೆಯ ಬದಲಾವಣೆಗಳನ್ನು ಕಾಯುವ ಲಾಕ್) ಹಿಡಿದಿರುತ್ತದೆ ಎಂದು ಬರೆದರೆ ಅಸರ್ಟ್ ಆರ್‌ಟಿಎನ್‌ಎಲ್, ಬೇರೆ ಲಾಕ್ ಎಂದು ಬರೆದರೆ ಲಾಕ್‌ಡೆಪ್ ಅಸರ್ಟ್ ಹೆಲ್ಡ್, ಸ್ಲೀಪ್ ಆಗಬಹುದು ಎಂದು ಬರೆದರೆ ಮೈಟ್ ಸ್ಲೀಪ್. ಹೇಳಿಕೆ ಸುಳ್ಳಾದರೆ ದೂರು ಕೊಡುವ ಕರ್ನಲ್‌ನ ಪರೀಕ್ಷೆಗಳಿವು. ಪ್ರೂವ್ ಲಾಕಿಂಗ್ ಮತ್ತು ಡಿಬಗ್ ಅಟಾಮಿಕ್ ಸ್ಲೀಪ್ ಎಂಬ ಎರಡು ತಪಾಸಣೆ ಆಯ್ಕೆಗಳನ್ನೂ ಹಾಕಿ ಕಟ್ಟಿದ ಕರ್ನಲ್‌ನಲ್ಲಿ ಎರಡು ದಿನ ಟ್ರಾಫಿಕ್ ಹರಿಸಿ, ಏನೂ ಕೂಗದಿದ್ದರೆ ಮಾತ್ರ ಆ ಸಾಲು ಉಳಿಯುತ್ತಿತ್ತು. ಲಾಕ್‌ಡೆಪ್ (ಲಾಕ್‌ಗಳನ್ನು ತಪಾಸಣೆ ಮಾಡುವ ವ್ಯವಸ್ಥೆ) ಇಲ್ಲದ ಬಿಲ್ಡ್‌ನಲ್ಲಿ ಲಾಕ್‌ಡೆಪ್ ಅಸರ್ಟ್ ಹೆಲ್ಡ್ ಯಾವ ಭಾರವನ್ನೂ ಹೇರುವುದಿಲ್ಲವಾದ್ದರಿಂದ ಅದನ್ನು ತೆಗೆಯುವ ಪ್ರಶ್ನೆಯೇ ಬರಲಿಲ್ಲ.

ಇದರ ಫಲ ಮೊದಲು ಕಂಡದ್ದು ರಿಸೀವ್ ಮೋಡ್, ಅಂದರೆ ಕಾರ್ಡ್ ಯಾವ ಪ್ಯಾಕೆಟ್‌ಗಳನ್ನು ಸ್ವೀಕರಿಸಬೇಕೆಂಬುದನ್ನು, ಹೊಂದಿಸುವ ಫಂಕ್ಷನ್‌ನಲ್ಲಿ. ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳುಹಿಸಿದ ಪ್ಯಾಕೆಟ್‌ಗಳ) ಫಿಲ್ಟರನ್ನು ಅದು ಮೇಲ್‌ಬಾಕ್ಸ್ ಮೂಲಕ ಫರ್ಮ್‌ವೇರ್‌ಗೆ (ಕಾರ್ಡಿನೊಳಗಿನ ತಂತ್ರಾಂಶಕ್ಕೆ) ಕಳುಹಿಸುತ್ತಿತ್ತು. ಫರ್ಮ್‌ವೇರ್ ಬಿಡುವಾಗಿಲ್ಲದಿದ್ದರೆ ಮಾತ್ರ ಒಳಗಿನ ಲೂಪಿನಲ್ಲಿ ಯುಸ್ಲೀಪ್ ರೇಂಜ್ ಕರೆದು ಕಾಯುತ್ತಿತ್ತು. ಇಂಟರ್‌ಫೇಸನ್ನು ತೆರೆಯುವ ಓಪನ್ ದಾರಿಯಿಂದಲೂ ಇದೇ ಒಳಗಿನ ಫಂಕ್ಷನ್‌ಗೆ ಕರೆ ಬರುತ್ತಿದ್ದುದನ್ನು ನೋಡಿ ನಾನು 'ಆರ್‌ಟಿಎನ್‌ಎಲ್ ಹಿಡಿದಿರುತ್ತದೆ, ಸ್ಲೀಪ್ ಆಗಬಹುದು' ಎಂದು ಬರೆದು, ಮೊದಲ ಸಾಲಿನಲ್ಲೇ ಮೈಟ್ ಸ್ಲೀಪ್ ಇಟ್ಟೆ. ಇಂಟರ್‌ಫೇಸ್ ಎದ್ದ ಕ್ಷಣದಲ್ಲೇ, ಅಮಾನ್ಯ ಸಂದರ್ಭದಿಂದ ಸ್ಲೀಪಿಂಗ್ ಫಂಕ್ಷನ್ ಕರೆಯಲಾಗಿದೆ ಎಂಬ ದೂರು ಸೀರಿಯಲ್ ಕನ್ಸೋಲ್ ಮೇಲೆ ಬಿತ್ತು. ಕರ್ನಲ್ ತಾನೇ ಈ ಫಂಕ್ಷನನ್ನು ಕರೆಯುವ ದಾರಿಯಲ್ಲಿ ವಿಳಾಸ ಪಟ್ಟಿಯ ಸ್ಪಿನ್‌ಲಾಕ್ ಹಿಡಿದೇ ಕರೆ ಬರುತ್ತದೆ, ಅಲ್ಲಿ ಕಾಯುವಂತಿಲ್ಲ. ಫರ್ಮ್‌ವೇರ್ ಬಿಡುವಾಗಿಲ್ಲದ ಗಳಿಗೆ ಅಪರೂಪವಾದ್ದರಿಂದ, ಮತ್ತು ಹಿಂದಿನ ಪರೀಕ್ಷಾ ಕರ್ನಲ್‌ನಲ್ಲಿ ಡಿಬಗ್ ಆಯ್ಕೆಯೇ ಇರದಿದ್ದುದರಿಂದ, ಈ ದೋಷ ವರ್ಷಗಳ ಕಾಲ ಅಡಗಿ ಕುಳಿತಿತ್ತು. ನನ್ನ ಟಿಪ್ಪಣಿಯ ಸಾಲು ತಪ್ಪಾಗಿತ್ತು, ಮತ್ತು ಅದು ತಪ್ಪೆಂದು ಸಾಬೀತಾದದ್ದೇ ಆ ವಾರದ ದೊಡ್ಡ ಗಳಿಕೆ. ಫಿಲ್ಟರ್ ಬರೆಯುವ ಕೆಲಸವನ್ನು ವರ್ಕ್‌ಕ್ಯೂಗೆ (ಸ್ಲೀಪ್ ಆಗಬಹುದಾದ ಹಿನ್ನೆಲೆ ಕೆಲಸಗಳ ಸರದಿಗೆ) ಸರಿಸಿ, ಎರಡು ದಾರಿಗಳಿಗೆ ಎರಡು ಬೇರೆ ಸಂದರ್ಭದ ಸಾಲುಗಳನ್ನು ಬರೆದೆವು.

ರಿಟರ್ನ್ ವಿಭಾಗಕ್ಕೂ ಇದೇ ಶಿಸ್ತನ್ನು ಅನ್ವಯಿಸಿದೆ. ಮರಳುವ ಸಂಖ್ಯೆ ಯಾವುದು ಎಂಬುದಕ್ಕಿಂತ, ಮರಳಿದ ಮೇಲೆ ಎಸ್‌ಕೆಬಿ (ಕರ್ನಲ್ ಪ್ಯಾಕೆಟ್ಟನ್ನು ಇಡುವ ಮೆಮೊರಿಯ ರಚನೆ) ಯಾರ ಸ್ವತ್ತು ಎಂಬುದನ್ನು ಬರೆಯಬೇಕು ಎಂದು ನಿಯಮ ಮಾಡಿಕೊಂಡೆ. ಪ್ಯಾಕೆಟ್ ಹೊರಗೆ ಕಳುಹಿಸುವ ಸ್ಟಾರ್ಟ್ ಎಕ್ಸ್‌ಮಿಟ್ ಫಂಕ್ಷನ್‌ಗೆ ಬರೆಯುತ್ತಿದ್ದಾಗ, ಟಿಎಕ್ಸ್ ಓಕೆ ಎಂದರೆ ಎಸ್‌ಕೆಬಿ ಡ್ರೈವರಿನದು, ಟಿಎಕ್ಸ್ ಬ್ಯುಸಿ ಎಂದರೆ ಅದು ಇನ್ನೂ ಕರೆದವರದು ಎಂದು ಎರಡು ವಾಕ್ಯ ಬರೆದು ಪ್ರತಿ ಹೊರದಾರಿಯನ್ನೂ ಅದಕ್ಕೆ ಹೋಲಿಸಿ ನೋಡಿದೆ. ಡಿಎಂಎ ಮ್ಯಾಪಿಂಗ್ (ಕಾರ್ಡ್ ನೇರವಾಗಿ ಓದುವಂತೆ ಮೆಮೊರಿಯನ್ನು ಸಿದ್ಧಪಡಿಸುವುದು) ವಿಫಲವಾದ ದಾರಿಯಲ್ಲಿ ಡ್ರೈವರ್ ಎಸ್‌ಕೆಬಿಯನ್ನು ಮುಕ್ತಗೊಳಿಸಿ, ನಂತರ ಬ್ಯುಸಿ ಎಂದು ಮರಳಿಸುತ್ತಿತ್ತು. ಅಂದರೆ ಮೇಲಿನ ಪದರ ಸತ್ತ ಎಸ್‌ಕೆಬಿಯನ್ನೇ ಮತ್ತೆ ಸರದಿಗೆ ಸೇರಿಸುತ್ತಿತ್ತು. ಹೆಚ್ಚು ಹೊರೆಯಲ್ಲಿ ಆಗಾಗ ಆಗುತ್ತಿದ್ದ ಪ್ಯಾನಿಕ್‌ಗೆ (ಕರ್ನಲ್ ಕುಸಿತಕ್ಕೆ) ಕಾರಣ ಹುಡುಕಲು ಇಬ್ಬರು ಎಂಜಿನಿಯರರು ಅದಕ್ಕೂ ಮೊದಲು ಹೆಚ್ಚುಕಡಿಮೆ ಒಂದು ತಿಂಗಳು ಕಳೆದಿದ್ದರು.

ಬಂದ ಪ್ಯಾಕೆಟ್‌ಗಳನ್ನು ಕಂತುಗಳಲ್ಲಿ ಎತ್ತಿಕೊಳ್ಳುವ ನ್ಯಾಪಿ ಪೋಲ್‌ನಲ್ಲಿ 'ಬಜೆಟ್' (ಒಂದು ಕಂತಿನ ಮಿತಿ) ಎಂಬ ಪ್ಯಾರಾಮೀಟರನ್ನು ವಿವರಿಸುವಾಗ, ಅದು ಸೊನ್ನೆಯಾಗಿರಬಹುದು ಎಂದು ಬರೆಯಬೇಕಾಯಿತು. ನೆಟ್‌ಪೋಲ್ (ಇಂಟರಪ್ಟ್‌ಗೆ ಕಾಯದೆ ಪ್ಯಾಕೆಟ್ ಕಳುಹಿಸುವ ಕರ್ನಲ್‌ನ ಭಾಗ) ಸೊನ್ನೆಯನ್ನೇ ಕೊಡುತ್ತದೆ. ಆಗ ಒಳಬರುವ ಪ್ಯಾಕೆಟ್‌ಗಳನ್ನು ಮುಟ್ಟಬಾರದು. ನಮ್ಮ ಲೂಪ್ ಮೊದಲು ಮಾಡಿ ಆಮೇಲೆ ಮಿತಿ ನೋಡುವ ಡೂ-ವೈಲ್ ರೂಪದಲ್ಲಿದ್ದುದರಿಂದ ಸೊನ್ನೆ ಕೊಟ್ಟರೂ ಒಂದು ಪ್ಯಾಕೆಟ್ ಎತ್ತಿಕೊಳ್ಳುತ್ತಿತ್ತು. ನೆಟ್‌ಪೋಲ್ ಮೂಲಕ ಕರ್ನಲ್ ಸಂದೇಶಗಳನ್ನು ಕಳುಹಿಸುವ ನೆಟ್‌ಕನ್ಸೋಲ್ ಹಾಕಿ ನೋಡಿದಾಗ ಬಜೆಟ್ ಮೀರಿದ ಎಚ್ಚರಿಕೆ ಬಂತು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಓಡುತ್ತಿರುವ ಕರ್ನಲ್‌ನ ಕರೆಗಳನ್ನು ದಾಖಲಿಸುವ ಎಫ್‌ಟ್ರೇಸ್‌ನ ಫಂಕ್ಷನ್ ಗ್ರಾಫ್‌ನಿಂದ ನೇರವಾಗಿ ತೆಗೆಯೋಣವೆಂದು ಮೂರು ದಿನ ದಾಖಲೆ ತೆಗೆದರೆ, ಫಂಕ್ಷನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಾಣಿಸಲೇ ಇಲ್ಲ. ಚಿಕ್ಕ ಸ್ಟ್ಯಾಟಿಕ್ ಫಂಕ್ಷನ್‌ಗಳನ್ನು ಕಂಪೈಲರ್ ಇನ್‌ಲೈನ್ ಮಾಡಿಬಿಟ್ಟಿತ್ತು, ಅಂದರೆ ಕರೆಯುವ ಫಂಕ್ಷನ್ನಿನೊಳಗೇ ಬೆರೆಸಿಬಿಟ್ಟಿತ್ತು. ಪರೀಕ್ಷೆಗೆಂದು ಅವಕ್ಕೆ ನೋಇನ್‌ಲೈನ್ ಅಂಟಿಸಿದ ಮೇಲೆ ಗ್ರಾಫ್ ಉಪಯೋಗಕ್ಕೆ ಬಂತು. ಆ ಗ್ರಾಫಿನಿಂದ, ಯಾವ ಫಂಕ್ಷನ್ ಮೊದಲು ಬರೆಯಬೇಕು, ಯಾವುದು ಕೊನೆಗೆ ಎಂದು ಕ್ರಮ ಹಾಕುವ ಒಂದು ಚಿಕ್ಕ ಸ್ಕ್ರಿಪ್ಟ್ ನನ್ನಲ್ಲಿದೆ. ಅದರ ಲೆಕ್ಕಾಚಾರ ನನ್ನ ದುಡಿಮೆಯ ಬಂಡವಾಳವಾದ್ದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೆಲಸದ ಅವಧಿಯನ್ನು ಅದು ಅರ್ಧಕ್ಕೆ ಇಳಿಸಿತು ಎಂದಷ್ಟೇ ಹೇಳಬಲ್ಲೆ. ಟಿಪ್ಪಣಿಗಳ ಕರಡನ್ನು ಹೆಸರುಗಳಿಂದಲೇ ಯಂತ್ರದಿಂದ ಹುಟ್ಟಿಸುವ ಪ್ರಯತ್ನವನ್ನು ಎರಡೇ ದಿನಕ್ಕೆ ಕೈಬಿಟ್ಟೆ.

ಹಣದ ಮಾತು ಹೇಳಲೇಬೇಕು. ಒಪ್ಪಂದ ಇಡಿಗಂಟಿನದು, ಆರು ವಾರವೆಂದು ಒಪ್ಪಿಕೊಂಡದ್ದು ಹದಿನಾಲ್ಕು ವಾರವಾಯಿತು. ಹೆಚ್ಚುವರಿ ಎಂಟು ವಾರಕ್ಕೆ ಒಂದು ಕಾಸೂ ಬರಲಿಲ್ಲ. ಅದರ ಮೇಲೆ ಎರಡು ಕಾರ್ಡ್‌ಗಳು, ಪರೀಕ್ಷೆಗೆ ಒಂದು ಪ್ರತ್ಯೇಕ ಯಂತ್ರ ನನ್ನ ಕೈಯಿಂದಲೇ ಹೋದವು. ಒಪ್ಪಂದದ ಮೊತ್ತದಲ್ಲಿ ಸುಮಾರು ಮೂರನೇ ಒಂದು ಭಾಗ ಅದಕ್ಕೇ ಸಂದಿತು. ಆದರೆ ಏಳು ದೋಷಗಳು ಸಿಕ್ಕಿದವು, ಅವುಗಳಲ್ಲಿ ಐದು ಸಂದರ್ಭ ಮತ್ತು ರಿಟರ್ನ್ ಸಾಲುಗಳಿಂದಲೇ ಹೊರಬಂದವು, ಮತ್ತು ಎರಡನೆಯ ಡ್ರೈವರಿಗೆ ಅದೇ ತಂಡ ದಿನಗೂಲಿ ಲೆಕ್ಕದಲ್ಲಿ ನನ್ನನ್ನು ಕರೆಯಿತು. ಇಂಥ ಕೆಲಸಕ್ಕೆ ಇಡಿಗಂಟಿಗೆ ನಾನು ಇನ್ನು ಒಪ್ಪುವುದಿಲ್ಲ.

ರೀಸೆಟ್ ದಾರಿಯ ಇಪ್ಪತ್ತಕ್ಕೂ ಹೆಚ್ಚು ಫಂಕ್ಷನ್‌ಗಳಲ್ಲಿ ಸಂದರ್ಭದ ಸಾಲನ್ನು ಇಂದಿಗೂ ಖಾಲಿ ಬಿಟ್ಟಿದ್ದೇನೆ. ಟಿಎಕ್ಸ್ ಟೈಮ್‌ಔಟ್‌ನಿಂದ (ಕಳುಹಿಸುವಿಕೆ ಸಿಕ್ಕಿಕೊಂಡಾಗ) ಬರುವ ದಾರಿಯನ್ನು ಪರೀಕ್ಷಿಸಿ ಮುಗಿಸಿದ್ದೇನೆ. ಫರ್ಮ್‌ವೇರ್ ರೀಸೆಟ್‌ನ ನಡುವೆಯೇ ಸಿಕ್ಕಿಕೊಳ್ಳುವ ಸ್ಥಿತಿಯನ್ನು ಬೇಕೆಂದಾಗ ಹುಟ್ಟಿಸಲು ಇನ್ನೂ ಸಾಧ್ಯವಾಗಿಲ್ಲ. ಊಹೆಯಿಂದ ತುಂಬಿಸಿ ಎಂದು ಎರಡು ಬಾರಿ ಒತ್ತಾಯ ಬಂದರೂ ನಾನು ತುಂಬಿಸಲಿಲ್ಲ. ಕಾರ್ಡ್ ಮೇಜಿನ ಮೇಲೆಯೇ ಇದೆ, ಮುಂದಿನ ಫರ್ಮ್‌ವೇರ್ ಬಂದ ದಿನ ಮತ್ತೆ ಪ್ರಯತ್ನಿಸುತ್ತೇನೆ.